ನಕ್ಕರೆ ಬೀಳುವ ಮೇಸ್ತ್ರಿ

೧೯೯೮ರ ಕಾಫಿ ಕೊಯ್ಲಿನ ಹೊತ್ತಿಗೆ ನಾನು ಮೂಡಿಗೆರೆಯಲ್ಲಿ ಸ್ವಂತ ಕ್ಲಿನಿಕ್ ತೆರೆದು ಕೆಲವು ವರ್ಷಗಳಾಗಿದ್ದವು. ಜ್ವರ, ಹಾವು ಕಡಿತ, ಹೆರಿಗೆ, ಎಲ್ಲಕ್ಕೂ ನಾನೊಬ್ಬಳೇ. ನನಗೆ ಜಂಬ ಜಾಸ್ತಿ ಎಂದು ನಮ್ಮ ಮನೆಯವರು ಈಗಲೂ ರೇಗಿಸುತ್ತಾರೆ. ಬೇರೆಯದು ಹೇಗೋ ಏನೋ, ರುದ್ರಪ್ಪನ ಕೇಸಿನ ಮಟ್ಟಿಗೆ ನಾನು ಜಂಬ ಪಡುವವಳೇ.

ರುದ್ರಪ್ಪ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ. ಒಂದು ದಿನ ಎಸ್ಟೇಟಿನ ಮಾಲೀಕರಾದ ಚಂದ್ರೇಗೌಡರೇ ಅವನನ್ನು ಜೀಪಿನಲ್ಲಿ ಕರೆತಂದರು.

“ಡಾಕ್ಟ್ರಮ್ಮ, ಇವ್ನು ಸಂಜೆ ತೂಕದ ಹೊತ್ತಿಗೆ ಸರಿಯಾಗಿ ಕುಡ್ದು ಬೀಳ್ತಾನೆ. ನೀವೊಂದ್ಸಲ ನೋಡಿ. ಕುಡಿತ ಹೌದು ಅಂದ್ರೆ ಲೈನ್ ಮನೆ ಖಾಲಿ ಮಾಡಿಸ್ತೀನಿ.”

“ನಾ ಒಂದು ತೊಟ್ಟೂ ಮುಟ್ಟಲ್ಲ, ಡಾಕ್ಟ್ರಮ್ಮ,” ಎಂದು ರುದ್ರಪ್ಪ ಅತ್ತೇಬಿಟ್ಟ. ಕೂಲಿಯವರಿಗೆ ಎಸ್ಟೇಟು ಕೊಡುವ ಆ ಲೈನ್ ಮನೆ ಹೋದರೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವನು ಹೋಗಲು ಬೇರೆ ಜಾಗವಿರಲಿಲ್ಲ.

ಪರೀಕ್ಷೆ ಮಾಡಿದೆ. ಕುಡಿತದ ಗುರುತಿಲ್ಲ, ಮೂರ್ಛೆರೋಗದವರಂತೆ ನಾಲಿಗೆ ಕಚ್ಚಿಕೊಂಡ ಗಾಯವೂ ಇಲ್ಲ. ಹಗಲಲ್ಲಿ ಸುಮ್ಮನೆ ಕೂತರೂ ತಡೆಯಲಾರದ ನಿದ್ದೆ ಬರುತ್ತದೆ ಎಂದ. ಆದರೆ ಬೀಳುವುದು ತೂಕದ ಹೊತ್ತಿಗೇ ಏಕೆ? ಅದು ನನ್ನ ತಲೆ ಕೊರೆಯತೊಡಗಿತು. ಮರುದಿನ ಸಂಜೆ ನಾನೇ ಎಸ್ಟೇಟಿಗೆ ಹೋದೆ.

ಹೆಂಗಸರು ಕೊಯ್ದ ಕಾಫಿ ಹಣ್ಣನ್ನು ಕಣದಲ್ಲಿ ತೂಗುತ್ತಿದ್ದರು; ಗೌಡರೂ ಅಲ್ಲೇ ನಿಂತಿದ್ದರು. ಹಣ್ಣಿನ ಜೊತೆ ಎಲೆ, ಕಡ್ಡಿ ಸೇರಿದ್ದರೆ ಮೇಸ್ತ್ರಿ ತೂಕದಲ್ಲಿ ಸ್ವಲ್ಪ ಕಳೆಯುತ್ತಾನೆ. ಹಾಗೆ ಕಳೆಯದಿರಲಿ ಎಂದು ಅವನನ್ನು ಗೇಲಿ ಮಾಡಿ ನಗಿಸುವುದು ಅಲ್ಲಿನ ಹೆಂಗಸರ ರೂಢಿ. ಚೀಲಕ್ಕೆ ಕೈಹಾಕಿ ಎಲೆ ಹುಡುಕುತ್ತಿದ್ದ ರುದ್ರಪ್ಪನಿಗೆ ದೇವಮ್ಮ ಎಂಬ ಹಿರಿಯಾಕೆ, “ಎಂತ ಹುಡುಕ್ತೀಯ ಮಾರಾಯ? ನಿನ್ ತಲೇಲಿರೋ ಕೂದಲಿಗಿಂತ ಕಮ್ಮಿನೇ ಅದೆ ಎಲೆ!” ಎಂದಳು.

ಬೋಳುತಲೆಯ ರುದ್ರಪ್ಪ ಗೊಳ್ಳನೆ ನಕ್ಕ. ನಗುತ್ತಿದ್ದಂತೆಯೇ ದವಡೆ ಜೋತಿತು, ಕತ್ತು ವಾಲಿತು, ಮಂಡಿ ಕುಸಿದು ಚೀಲಗಳ ಮೇಲೆ ಬಿದ್ದ.

“ನೋಡಿದ್ರಲ್ಲ! ಇವ್ನ ಹೆಂಡ್ತಿಗೆ ಹೇಳಿ, ನಾಳೆ ಗಂಟು ಕಟ್ಲಿ,” ಎಂದರು ಗೌಡರು.

ನಾಡಿ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಕೂತ. “ನೀನು ಬಿದ್ದಾಗ ಯಾರು ಏನಂದ್ರು?” ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. “ನಾಳೆ ಗಂಟು ಕಟ್ಲಿ ಅಂದ್ರು ಗೌಡ್ರು. ಯಾವಾಗ್ಲೂ ಎಲ್ಲ ಕೇಳ್ತದೆ, ಡಾಕ್ಟ್ರಮ್ಮ. ಬಾಯಿ ಮಾತ್ರ ಏಳಲ್ಲ.”

ಗೌಡರ ಮುಖ ಸಣ್ಣದಾಯಿತು. ನನಗೋ ಕುಣಿಯುವಷ್ಟು ಖುಷಿ! ಓದುವಾಗ ಪುಸ್ತಕದಲ್ಲಷ್ಟೇ ಕಂಡಿದ್ದ ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಕಣ್ಣೆದುರಿಗಿತ್ತು. ಕನಸು ಕಾಣುವಾಗ ನಾವು ಎದ್ದು ಓಡದಿರಲೆಂದು ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಈ ರೋಗಿಗಳಲ್ಲಿ ಎಚ್ಚರವಿರುವಾಗಲೇ, ಜೋರಾಗಿ ನಕ್ಕರೆ ಸಾಕು, ಹಾಗಾಗುತ್ತದೆ. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಮೈ ಬೀಳುತ್ತದೆ, ಪ್ರಜ್ಞೆ ಹೋಗುವುದಿಲ್ಲ. ಬೆಂಗಳೂರಿನ ನರರೋಗ ತಜ್ಞರೂ ನನ್ನ ಮಾತನ್ನೇ ಒಪ್ಪಿ ಮಾತ್ರೆ ಬರೆದರು.

ಗೌಡರು ಮನೆ ಖಾಲಿ ಮಾಡಿಸುವ ಮಾತು ಬಿಟ್ಟರು. ಮಧ್ಯಾಹ್ನ ಅವನಿಗೆ ಸ್ವಲ್ಪ ಹೊತ್ತು ಮಲಗಲು ಬಿಡುವನ್ನೂ ಕೊಟ್ಟರು. ಆದರೆ ಕೆಲವು ವಾರಗಳ ಮೇಲೆ ರುದ್ರಪ್ಪ ಸಪ್ಪೆ ಮೋರೆಯಲ್ಲಿ ಬಂದ. “ನಾ ಬೀಳ್ತೀನಿ ಅಂತ ಹೆಂಗಸ್ರು ತಮಾಷೆನೇ ಬಿಟ್ಬಿಟ್ರು, ಡಾಕ್ಟ್ರಮ್ಮ. ಕಣದಲ್ಲಿ ಸಾವಾದ ಮನೆ ಥರ ಇರ್ತದೆ.”

ತಜ್ಞರನ್ನು ಕೇಳಿ ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಕೊಯ್ಲು ಮುಗಿಯುವ ಮುನ್ನ ಮತ್ತೊಂದು ಸಂಜೆ ಕಣಕ್ಕೆ ಹೋಗಿ, “ಹೇಳು ದೇವಮ್ಮ, ಆ ಕೂದಲಿನ ಮಾತು,” ಎಂದೆ. ಅವಳು ಹೆದರುತ್ತಲೇ ಹೇಳಿದಳು. ರುದ್ರಪ್ಪ ಜೋರಾಗಿ ನಕ್ಕ. ಮಂಡಿ ನಡುಗಿತು, ತಕ್ಕಡಿಯ ಕಂಬ ಹಿಡಿದುಕೊಂಡ. ಬೀಳಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಗೌಡರು.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಕಣ್ಣು ಮುಚ್ಚಿ ಮಲಗಿದ ರೋಗಿಯ ಪಕ್ಕದಲ್ಲಿ ನಾನು ಕೆಟ್ಟ ಮಾತಾಡುವುದಿಲ್ಲ, ಆಡುವವರನ್ನು ಹೊರಗೆ ಕಳಿಸುತ್ತೇನೆ. ಯಾರಾದರೂ “ಅವ್ರಿಗೆಲ್ಲಿ ಕೇಳ್ತದೆ ಬಿಡಿ” ಎಂದರೆ ರುದ್ರಪ್ಪನ ಕಥೆ ಹೇಳುತ್ತೇನೆ.