ಅಚ್ಚುರಾಯರ ಸೇಬು

ಕಾದ ಗಾಜನ್ನು ಒಳಗಿಟ್ಟು ಸೇಬು, ಹಕ್ಕಿಗಳ ಆಕಾರಕ್ಕೆ ಊದಲು ಬೇಕಾದ ಎರಡು ಹೋಳಾಗಿ ತೆರೆಯುವ ಮರದ ಅಚ್ಚುಗಳನ್ನು ಕೆತ್ತುವುದರಿಂದ ಬೀದಿಯವರ ಬಾಯಲ್ಲಿ ಅಚ್ಚುರಾಯರಾದ ಇವರ ಕಣ್ಣಿಗೆ ಲೋಕವೆಲ್ಲ ಎರಡೆರಡು ಹೋಳು. ಎದುರಿಗೆ ಯಾರೇ ಬರಲಿ, ನೆತ್ತಿಯಿಂದ ಗಲ್ಲದವರೆಗೆ ಮನಸ್ಸಿನಲ್ಲೇ ಸೀಳಿ, ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಂಡು ಬರುವ ಮುಖವೋ ಅಲ್ಲವೋ ಎಂದು ಅಳೆಯುತ್ತಾರೆ. ಅಳಿಯನನ್ನು ಮೊದಲು ಕಂಡಾಗ, “ಹುಡುಗ ಒಳ್ಳೆಯವನೇ, ಕಿವಿ ಮಾತ್ರ ಸಿಕ್ಕಿಹಾಕ್ಕೊಳ್ಳುತ್ತೆ” ಎಂದುಬಿಟ್ಟಿದ್ದರು. ಒಣಗಿದ ಅಚ್ಚು ಸುಟ್ಟುಹೋಗುತ್ತದೆಂದು ಮನೆಯ ಬಕೆಟ್ಟುಗಳಲ್ಲೆಲ್ಲ ಅಚ್ಚುಗಳೇ ನೆನೆಯುತ್ತಿರುವುದರಿಂದ ಹೆಂಡತಿ ಪಾತ್ರೆಯಲ್ಲಿ ನೀರಿಟ್ಟುಕೊಂಡು ಸ್ನಾನ ಮುಗಿಸಬೇಕು. ಗಾಜು ಊದುವವರು ಆಕೆಯ ಅಣ್ಣನೇ. ಮೂವತ್ತು ವರ್ಷದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. “ನನ್ನ ಕೆತ್ತನೆಯೆಲ್ಲ ನಿಮ್ಮ ಊದಾಟದಲ್ಲಿ ಹಾಳು, ಭಾವ!” ಎಂದು ಇವರು, “ನಾನು ಊದದೇ ಹೋದ್ರೆ ನಿಮ್ಮ ಅಚ್ಚು ಬರೀ ತೂತುಬಿದ್ದ ಸೌದೆ!” ಎಂದು ಅವರು. ಈಚೆಗೆ ಭಾವ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಆದರೂ ಅವರು ಊದಿದ ಸೇಬು ಅಚ್ಚಿನ ಮೂಲೆಮೂಲೆಗೂ ತುಂಬಿಕೊಂಡೇ ಬರುತ್ತದೆ. “ನೋಡಿದ್ರಾ, ಉಸಿರು ಇನ್ನೂ ಗಟ್ಟಿ” ಎಂದು ಬೀಗುತ್ತಾರೆ. ಅಚ್ಚುರಾಯರು ಮೂಗು ಮುರಿಯುತ್ತಾರೆ. ಮೊನ್ನೆ ಬಕೆಟ್ಟು ಖಾಲಿ ಮಾಡುವಾಗ ಹೆಂಡತಿಯ ಕೈಗೆ ಮೂರು ವರ್ಷದ ಮೂರು ಸೇಬಿನ ಅಚ್ಚುಗಳು ಒಟ್ಟಿಗೆ ಸಿಕ್ಕವು, ಒಂದಕ್ಕಿಂತ ಒಂದು ಸಣ್ಣವು. “ಏನ್ರೀ ಇದು, ನಿಮ್ಮ ಸೇಬು ವರ್ಷ ವರ್ಷ ಕುಗ್ತಾ ಇದೆಯಲ್ಲ?” ಎಂದಳು. ಅಚ್ಚುರಾಯರು ಬಾಗಿಲ ಕಡೆ ನೋಡಿ, ಮೂರನ್ನೂ ಅವಸರದಲ್ಲಿ ಪಕ್ಕದ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, “ಮೆಲ್ಲಗೆ ಮಾತಾಡೇ, ನಿಮ್ಮಣ್ಣನಿಗೆ ಕೇಳಿಸೀತು” ಎಂದರು.