ಸಂಗಮದಲ್ಲಿ ಬಿಟ್ಟ ಸೆರಗು

ಅಮೀನಗಡದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಮೊದಲು ಒಳಗೆ ಬರುವುದು ತುಪ್ಪದಲ್ಲಿ ಅಂಟು ಕರಿಯುವ ವಾಸನೆ, ಅದರ ಹಿಂದೆಯೇ ಕಾದ ಬೆಲ್ಲದ್ದು. ಕರದಂಟಿನ ಅಂಗಡಿಗಳು ಈಗ ಗಾಜಿನ ಬಾಗಿಲು ಹಾಕಿಕೊಂಡಿವೆ, ವಾಸನೆ ಮಾತ್ರ ಗಾಜಿಗೆ ತಡೆದು ನಿಂತಿಲ್ಲ. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವಾಗೆಲ್ಲ ಈ ಊರು ಬಂದರೆ ನಾನು ಕಣ್ಣು ಮುಚ್ಚಿ ಕೂಡುತ್ತೇನೆ. ನಿದ್ದೆಯೆಂದು ಪಕ್ಕದವರು ತಿಳಿಯುತ್ತಾರೆ. ಕಮತಗಿಯ ನಮ್ಮ ಮನೆಯಲ್ಲಿ ಯಾರಾದರೂ ಹಡೆದಾಗ ದೊಡ್ಡವ್ವ ಇದೇ ವಾಸನೆಯ ನಡುವೆ ಕೂತು ಬಾಣಂತಿಗೆ ಅಂಟಿನುಂಡೆ ಕಟ್ಟುತ್ತಿದ್ದಳು. ಆ ಮನೆಯ ಸೊಸೆಯರಲ್ಲಿ ಹಡೆಯದೆ ಉಳಿದವಳು ಅವಳೊಬ್ಬಳೇ.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ನನ್ನ ಬೆನ್ನಿಗೆ ತಮ್ಮ ಹುಟ್ಟಿ ಅವ್ವ ಹಾಸಿಗೆ ಹಿಡಿದಾಗ, ಇನ್ನೂ ಸರಿಯಾಗಿ ಮಾತಾಡಲು ಬಾರದ ನನ್ನನ್ನು ಅವಳ ಮಡಿಲಿಗೆ ಹಾಕಿದರಂತೆ. ಅವ್ವ ಚೇತರಿಸಿಕೊಂಡ ಮೇಲೂ ನಾನು ಅಲ್ಲಿಂದ ಇಳಿಯಲಿಲ್ಲ. ಪಡಸಾಲೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಕೌದಿ ಹಾಸಿ ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ಅವಳ ಇಳಕಲ್ ಸೀರೆಯ ಕೆಂಪು ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ. ಬೆಳಗಿನ ಮೊದಲ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಖಾರದ ಶೇಂಗಾ ಹಿಂಡಿ, ಅದು ನನ್ನದು. ಅವ್ವ ದೂರದಿಂದ ನೋಡುತ್ತಿದ್ದಳು. ಅವಳಿಗೆ ಹೇಗನಿಸುತ್ತಿತ್ತೆಂದು ಆಗ ನನಗೆ ತಿಳಿಯುವಂತಿರಲಿಲ್ಲ. ನಿಮಗೂ ಇಂಥದೊಂದು ಮನೆ, ಇಂಥದೊಂದು ಮಡಿಲು ಇದ್ದಿದ್ದರೆ, ಅದು ಯಾರದೆಂದು ನೀವೂ ಆಗ ಕೇಳಿರಲಿಕ್ಕಿಲ್ಲ.

ನನಗೆ ಏಳು ತುಂಬಿದ ವರ್ಷ ಅಪ್ಪ ಮತ್ತು ದೊಡ್ಡಪ್ಪನ ನಡುವೆ ಮಾತು ನಿಂತಿತು. ಕಾರಣ ಯಾರೂ ನನಗೆ ಹೇಳಲಿಲ್ಲ. ಅಪ್ಪ ಬಾಗಲಕೋಟೆಯಲ್ಲಿ ಬೇರೆ ಮನೆ ಹಿಡಿದ. ಬೇರೆಯಾಗುವ ಮುಂಚೆ ಎಲ್ಲರೂ ಒಮ್ಮೆ ಕೂಡಿ ಸಂಗಮಕ್ಕೆ ಹೋಗಿಬರಬೇಕೆಂದು ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಹಟ ಹಿಡಿದಳು. ಬಸವಣ್ಣ ಬಯಲಾದ ಜಾಗದಲ್ಲಿ ನಿಂತರೆ ಮಕ್ಕಳ ಮನಸ್ಸು ಕರಗೀತೆಂದು ಅವಳ ಆಸೆ. ಹುನಗುಂದದಲ್ಲಿ ಬಸ್ಸು ಬದಲಿಸಿ ಕೂಡಲಸಂಗಮಕ್ಕೆ ಹೋದೆವು. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು.

ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಎಲ್ಲರೂ ಮುಳುಗು ಹಾಕಿ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರು. ಕರಗುವುದು ಏನೂ ಕರಗಲಿಲ್ಲ. ಊಟದ ನಡುವೆ ನನ್ನ ಮಾತು ಬಂತು. “ಕೂಸು ನನ್ನ ಕೂಡ ಇರ್ಲಿ,” ಎಂದಳು ದೊಡ್ಡವ್ವ. ಅವ್ವ ತುತ್ತು ಕೆಳಗಿಟ್ಟಳು. ಅಪ್ಪ ನನ್ನತ್ತ ತಿರುಗಿ, “ನೀನ ಹೇಳವ್ವ ಶಾಂತಾ, ಯಾರ ಕೂಡ ಇರ್ತೀ?” ಎಂದ.

ಇಲ್ಲಿಂದ ಮುಂದಿನದು ನನಗೆ ನಿಚ್ಚಳವಾಗಿ ನೆನಪಿತ್ತು. ಹೊಸ ಮನೆಯ ಮುಂದೆ ರೈಲು ಹೋಗುತ್ತದೆಂದು ಅಪ್ಪ ಹೇಳಿದ್ದ. ನಾನು ದೊಡ್ಡವ್ವನ ಸೆರಗು ಬಿಟ್ಟೆ, ನಾಲ್ಕು ಹೆಜ್ಜೆ ನಡೆದು ಅವ್ವನ ತೊಡೆಗೆ ಆತುಕೊಂಡೆ. ದೊಡ್ಡವ್ವ ಎದ್ದು ನೀರಿನ ಕಡೆ ಹೋದಳು, ಮುಖ ತೊಳೆದಳು, ಬಹಳ ಹೊತ್ತು ತೊಳೆದಳು. ಒಂದು ರೈಲಿಗಾಗಿ ನಾನು ಅವಳನ್ನು ಮಾರಿಬಿಟ್ಟೆನೆಂಬ ಮಾತು ಬುದ್ಧಿ ಬಲಿತಂತೆ ಬಲಿಯಿತು. ಮದುವೆಯಾದೆ, ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ, ನನ್ನದೇ ಇಬ್ಬರನ್ನು ಬೆಳೆಸಿದೆ. ಹಬ್ಬಕ್ಕೆ ಅವಳನ್ನು ನೋಡಲು ಹೋದಾಗ ನೆಟ್ಟಗೆ ಮುಖ ನೋಡುವುದು ಆಗುತ್ತಿರಲಿಲ್ಲ.

ಅಪ್ಪ, ಅವ್ವ, ದೊಡ್ಡಪ್ಪ ಒಬ್ಬೊಬ್ಬರಾಗಿ ಹೋದರು. ಕಮತಗಿಯ ಮನೆ ಬಿದ್ದು ಆ ಜಾಗದಲ್ಲಿ ಯಾರದೋ ಗೊಬ್ಬರದ ಗೋದಾಮು ಎದ್ದಿತು. ದೊಡ್ಡವ್ವ ಹುನಗುಂದದಲ್ಲಿ ತನ್ನ ತಂಗಿಯ ಮಗಳ ಮನೆ ಸೇರಿದಳು. ಹೋದ ವರ್ಷ ಬೇಸಿಗೆಯಲ್ಲಿ, “ಒಮ್ಮೆ ಸಂಗಮ ತೋರ್ಸವ್ವಾ,” ಎಂದಳು. ಕಾರು ಮಾಡಿಕೊಂಡು ಹೋದೆವು. ಬಸವಣ್ಣನ ಐಕ್ಯಲಿಂಗವಿರುವಲ್ಲಿ ಈಗ ಸುತ್ತ ನದಿಯ ನೀರು ನಿಂತಿದೆ. ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ತಳಕ್ಕೆ ಹೋಗಬೇಕು. ಇಳಿಯಲು ಅವಳ ಕಾಲಲ್ಲಿ ಬಲವಿಲ್ಲ, ನನಗೂ ಮೊಣಕಾಲು ನೋವು. “ಇಲ್ಲಿಂದನ ಶರಣು ಅಂದ್ರಾತು, ಅವಗ ಕೇಳಸ್ತೈತಿ,” ಎಂದು ದಡದ ಮೇಲೆಯೇ ಕೈ ಮುಗಿದಳು. ಇಬ್ಬರೂ ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಬಿಸಿಲಿಗೆ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು.

ಇನ್ನು ತಡೆಯಲಾಗದೆ ಕೇಳಿದೆ. “ದೊಡ್ಡವ್ವ, ಅವತ್ತ ಇಲ್ಲೆ ನಿನ್ನ ಸೆರಗ ಬಿಟ್ಟು ಅವ್ವನ ಕಡೆ ಹೋದೆ. ಭಾಳ ನೋವಾತೇನು?”

ಅವಳು ನನ್ನತ್ತ ತಿರುಗಿದಳು. “ಯಾರು ಬಿಟ್ಟದ್ದು?”

“ನಾನ.”

“ಹುಚ್ಚಿ! ನೀ ಎಲ್ಲಿ ಬಿಟ್ಟಿ? ಸೆರಗ ಹಿಡಕೊಂಡು ಬೊಬ್ಬಿ ಹೊಡದಿ. ನಾನ ಒಂದೊಂದ ಬೆರಳ ಬಿಡಿಸಿ ನಿಮ್ಮವ್ವನ ಕಡೆ ನೂಕಿದೆ. ನಿಮ್ಮವ್ವ ಉಣ್ಣೂದು ಬಿಟ್ಟು ಕುಂತಿದ್ಳು. ಹಡದಾಕಿ ಹೊಟ್ಟಿ ಉರಿಸಿ ನಾ ಏನ್ ಬಾಳೂದಿತ್ತು?”

“ನನಗ ಹಂಗ ನೆನಪಿಲ್ಲ.”

“ನೀ ಸಣ್ಣಾಕಿ ಇದ್ದಿ. ನಾ ದೊಡ್ಡಾಕಿ ಇದ್ದೆ,” ಎಂದಳು. ಆಮೇಲೆ ದಣಿದಂತೆ ನನ್ನ ಹೆಗಲಿಗೆ ತಲೆ ಕೊಟ್ಟು ಅಲ್ಲೇ ನಿದ್ದೆ ಹೋದಳು.

ಅದು ನಡೆದದ್ದೋ, ನನ್ನ ಮುಖ ನೋಡಿ ಆ ಕ್ಷಣಕ್ಕೆ ಅವಳು ಕಟ್ಟಿದ್ದೋ, ನನಗೆ ಗೊತ್ತಿಲ್ಲ. ಮಳೆಗಾಲ ಹಿಡಿಯುವ ಮುಂಚೆ ಅವಳು ಹೋದಳು. ಅವತ್ತು ಆ ಮೆಟ್ಟಿಲ ಮೇಲೆ ಕೂತು ಕಣ್ಣಾರೆ ಕಂಡ ದೊಡ್ಡವರಲ್ಲಿ ಈಗ ಯಾರೂ ಇಲ್ಲ. ತಮ್ಮನಿಗೆ ಆಗ ಐದು ವರ್ಷ. ಫೋನು ಮಾಡಿ ಕೇಳಿದರೆ, ಅವತ್ತು ಬುತ್ತಿಯಲ್ಲಿ ಮಾದಲಿ ಇತ್ತು, ಅಷ್ಟೇ ನೆನಪು ಎಂದ. ಎರಡು ಸಲ ಕೇಳಿದೆ. ಅಷ್ಟೇ ಅಕ್ಕಾ, ಎಂದ.