ನೀರಿನ ಪಾಲು

ಆ ತಮಟೆ ಸದ್ದು ಈಗಲೂ ಕಿವಿಯಲ್ಲಿದೆ. ಮಹಾರಾಜರ ಕಾಲದಲ್ಲಿ ಮುಳಬಾಗಿಲು ಕಡೆಯ ಹಳ್ಳಿಗಳಿಗೆ ಸರ್ಕಾರದ ಸುದ್ದಿ ತಲುಪುತ್ತಿದ್ದುದೇ ಅದರಿಂದ. ತಾಲೂಕು ಕಚೇರಿ ಗುಮಾಸ್ತನಾಗಿದ್ದ ನಾನು ಒಮ್ಮೆ ಬೈರಕೂರಿನಲ್ಲಿ, ಕೆರೆ ನೀರಿನಲ್ಲಿ ಯಾರ ಪಾಲು ಎಷ್ಟೆಂದು ನಾಳೆ ಚಾವಡಿಯಲ್ಲಿ ಹೇಳುತ್ತೇವೆ ಅಂತ ಸಾರಿಸಿದೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚೊಂಬು ಹಿಡಿದು ಬಂದವಳು ಒಬ್ಬ ಅಜ್ಜಿ.

"ಪಾಲೆಕ್ಕಡ ಸಾಮೀ?"

ಆ ಗಡಿ ಊರಿನ ತೆಲುಗಿನಲ್ಲಿ ಪಾಲು ಅಂದರೆ ಹಾಲು; ಹಾಲೆಲ್ಲಿ ಅಂತ ಕೇಳುತ್ತಿದ್ದಳು! ತಮಟೆಯ ಅಬ್ಬರದಲ್ಲಿ ಆಕೆಗೆ ಪಾಲು, ನಾಳೆ, ಚಾವಡಿ ಇಷ್ಟೇ ಕೇಳಿಸಿತ್ತು.

"ಅವ್ವಾ, ಇದು ನೀರಿನ ಪಾಲು ಕಣವ್ವಾ."

"ನೀರು ಬೆರೆಸಿದ್ರೂ ಪರವಾಗಿಲ್ಲ, ಹಾಕು. ಮೊಮ್ಮಗು ಅಳ್ತೈತೆ."

ಇನ್ನೇನು ಮಾಡಲಿ? ಪಟೇಲರ ಮನೆಯಿಂದ ಹಾಲು ತರಿಸಿ ಚೊಂಬು ತುಂಬಿಸಿದೆ. ಅಜ್ಜಿ ಒಂದು ಹನಿ ನಾಲಿಗೆ ಮೇಲೆ ಬಿಟ್ಟುಕೊಂಡು ನನ್ನನ್ನೇ ಅನುಮಾನದಿಂದ ನೋಡಿದಳು.

"ನೀರೇ ಇಲ್ವಲ್ಲ ಸಾಮೀ, ಇದು ಸರ್ಕಾರದ್ದೇನಾ?"